ಮನೆಗೆ ಬೇರೆ ಮಡಿ

ಮೆಂತ್ಯದ ಕಟ್ಟುಗಳನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ಬುಟ್ಟಿಗೆ ಜೋಡಿಸುತ್ತಿದ್ದ ಸೊಪ್ಪಣ್ಣನಿಗೆ ಮೊದಲು ವಾಸನೆ ಬಂತು, ಆಮೇಲೆ ಅಕ್ಕ ಬಂದಳು. ಎರಡು ಕೈಯಲ್ಲೂ ಮುಚ್ಚಳವಿಲ್ಲದ ಬಕೆಟ್. ಒಂದರಲ್ಲಿ ತರಕಾರಿ ಸಿಪ್ಪೆ, ಮೊಟ್ಟೆಯ ಚಿಪ್ಪು, ಟೀ ಚರಟ. ಇನ್ನೊಂದರಲ್ಲಿ ಏನಿದೆ ಎಂದು ಅವನು ನೋಡಲು ಹೋಗಲಿಲ್ಲ.

"ಅಕ್ಕಾ, ಗಿರಾಕಿ ಬರೋ ಹೊತ್ತು ಇದು. ಆ ಗಬ್ಬನ್ನ ಹಿಂದಿನ ದಾರೀಲಿ ತಗೊಂಡು ಹೋಗು ಅಂತ ನೂರು ಸಲ ಹೇಳಿದೀನಿ."

"ಹಿಂದಿನ ದಾರೀಲಿ ನಿನ್ನ ಹುಳದ ಔಷಧಿ ಡಬ್ಬಗಳು ಉರುಳಾಡ್ತಿವೆ. ಕಾಲಿಡೋಕೆ ಜಾಗ ಇಲ್ಲ," ಎಂದಳು ಅಕ್ಕ, ನಡಿಗೆಯನ್ನು ಒಂದಿಷ್ಟೂ ನಿಧಾನ ಮಾಡದೆ. "ಅವನ್ನು ಎತ್ತಿಡು, ನಾನು ಆ ಕಡೆಯಿಂದ ಹೋಗ್ತೀನಿ."

ಸೊಪ್ಪಣ್ಣ ಹಲ್ಲು ಕಡಿದುಕೊಂಡು ಮುಂದಿನ ಕಟ್ಟನ್ನು ಬೇಕಾದದ್ದಕ್ಕಿಂತ ಜೋರಾಗಿ ಅದ್ದಿದ. ಅವನ ಪ್ಯಾಂಟೆಲ್ಲ ನೀರಾಯಿತು.

ಅವನ ನಿಜವಾದ ಹೆಸರು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಬಸ್ ಡಿಪೋದ ಗೋಡೆಯ ಹಿಂದಿನ ಅದೇ ತುಂಡು ನೆಲದಲ್ಲಿ ಸೊಪ್ಪು ಬೆಳೆಯುತ್ತಿದ್ದ. ಒಟ್ಟು ಇಪ್ಪತ್ತೆಂಟು ಮಡಿ, ಒಂದು ಪಂಪು, ಒಂದು ತೊಟ್ಟಿ, ಮೂಲೆಯಲ್ಲಿ ತಗಡಿನ ಮಾಡಿನ ಎರಡು ಕೋಣೆಯ ಮನೆ. ಅವನೂ ಅವನ ಹೆಂಡತಿಯೂ ಈ ಇಪ್ಪತ್ತೆರಡು ವರ್ಷ ಜಗಳ ಆಡಿದ್ದರೆ ಅದು ತಮ್ಮಿಬ್ಬರ ಜಗಳವಾಗಿರುತ್ತಿತ್ತು. ನಾಲ್ಕು ತಿಂಗಳ ಹಿಂದೆ ಅಕ್ಕ ಬಂದಳು. ಅಂದಿನಿಂದ ಜಗಳಕ್ಕೆ ಮೂರು ಮುಖ.

ಅಕ್ಕ ಕೃಷಿ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಪಾಠ ಮಾಡಿದವಳಲ್ಲ, ಪದವಿ ಪಡೆದವಳೂ ಅಲ್ಲ. ಗಾಜಿನ ಸಾಮಾನು ತೊಳೆಯುವುದು, ಗಿಡದ ಬೇರು ಬೇಯಿಸಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟುಕೊಡುವುದು ಅವಳ ಕೆಲಸ. ಮೂವತ್ತೊಂದು ವರ್ಷ ಇಟ್ಟುಕೊಟ್ಟವಳು ಪ್ರತಿ ಸಲ ಕೊಡುವ ಮುಂಚೆ ತಾನೂ ಒಮ್ಮೆ ಇಣುಕಿ ನೋಡಿದ್ದಳು, ಅಷ್ಟೇ. ಬರುವಾಗ ಒಂದು ಟ್ರಂಕು, ಕಾಲೇಜಿನವರು ಗುಜರಿಗೆ ಹಾಕಿದ್ದ ಹಳೆಯ ಸೂಕ್ಷ್ಮದರ್ಶಕ, ಮತ್ತು ತಮ್ಮನಿಗೆ ಏನೂ ಗೊತ್ತಿಲ್ಲ ಎಂಬ ನಂಬಿಕೆ, ಈ ಮೂರನ್ನು ತಂದಿದ್ದಳು.

ಬಂದ ಮೊದಲ ವಾರವೇ ಅವಳು ಮನೆ ಬಾಗಿಲ ಪಕ್ಕದ ಪುಟ್ಟ ಮಡಿಯ ಮುಂದೆ ನಿಂತು ಕೇಳಿದ್ದಳು: "ಇದಕ್ಕೆ ಮಾತ್ರ ಯಾಕೋ ಬೇಲಿ?"

"ಅದು ಮನೆಗೆ."

"ಉಳಿದದ್ದು?"

"ಉಳಿದದ್ದು ಮಾರೋಕೆ. ಇನ್ನೇನು?"

ಎಂಟು ವರ್ಷದ ಹಿಂದೆ ಔಷಧಿ ಹೊಡೆಯುತ್ತಿದ್ದಾಗ ಗಾಳಿ ತಿರುಗಿ ಮುಖಕ್ಕೇ ಬಡಿದು, ಸೊಪ್ಪಣ್ಣ ಎರಡು ದಿನ ವಾಂತಿ ಮಾಡಿಕೊಂಡು ಮಲಗಿದ್ದ. ಆಮೇಲೆ ಹೆಂಡತಿ ಹಟ ಹಿಡಿದು ಆ ಮಡಿಯನ್ನು ಬೇರೆ ಮಾಡಿಸಿದ್ದಳು. ಅದಕ್ಕೆ ಔಷಧಿಯಿಲ್ಲ, ಯೂರಿಯಾ ಇಲ್ಲ. ಉಳಿದ ಮಡಿಗಳಿಗೆ ವಾರಕ್ಕೊಮ್ಮೆ ಯೂರಿಯಾ, ಹುಳ ಕಂಡರೆ ಔಷಧಿ, ಕಾಣದಿದ್ದರೆ ಕಾಣಬಾರದೆಂದು ಔಷಧಿ. ಸುತ್ತಲಿನ ಸೊಪ್ಪಿನ ತೋಟದವರೆಲ್ಲರ ಮನೆಯ ಹಿಂದೆಯೂ ಇಂಥದೊಂದು ಬೇಲಿ ಹಾಕಿದ ಮಡಿ ಇತ್ತು. ಅದರ ಬಗ್ಗೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳುವ ಮಾತೇ ಅಲ್ಲ ಅದು ಎಂದುಕೊಂಡಿದ್ದ ಅವನಿಗೆ, ಅಕ್ಕ "ಓಹೋ" ಎಂದಷ್ಟೇ ಹೇಳಿ ಒಳಗೆ ಹೋದದ್ದು ಮೈ ಉರಿಸಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಓಹೋ" ಎಂದವರಿಗೆ ಏನು ಹೇಳುವುದು?

ಹಾಗೆಂದು ತೋಟ ಸುಖವಾಗಿ ನಡೆಯುತ್ತಿತ್ತೆಂದೂ ಅಲ್ಲ. ನೆಲ ಗಟ್ಟಿಯಾಗುತ್ತ ಬಂದಿತ್ತು. ನೀರು ಬಿಟ್ಟರೆ ಒಳಗೆ ಇಳಿಯದೆ ಮೇಲೆಯೇ ಹೊಳೆಯುತ್ತ ನಿಲ್ಲುತ್ತಿತ್ತು, ಒಣಗಿದರೆ ಹೆಂಚಿನ ಹಾಗೆ ಬಿರಿಯುತ್ತಿತ್ತು. ಮೊದಲು ಒಂದು ಬೊಗಸೆ ಯೂರಿಯಾ ಸಾಕಾಗುತ್ತಿದ್ದ ಮಡಿ ಈಗ ಮೂರು ಕೇಳುತ್ತಿತ್ತು. ಸೊಪ್ಪು ಎತ್ತರ ಬರುತ್ತಿತ್ತು, ಕಡುಹಸಿರಾಗಿ ಹೊಳೆಯುತ್ತಿತ್ತು, ಮಾರನೆಯ ದಿನ ಬುಟ್ಟಿಯಲ್ಲೇ ಕೊಳೆತು ಲೋಳೆಯಾಗುತ್ತಿತ್ತು. ಶಾಲೆಯ ಅಡುಗೆಮನೆಗೆ ಸೊಪ್ಪು ಒಯ್ಯುತ್ತಿದ್ದ ಅಡುಗೆಯಮ್ಮ ವಾರಕ್ಕೆ ಮೂರು ಸಲ ಬಂದು ಮೂರು ಸಲವೂ ಇದನ್ನೇ ಹೇಳುತ್ತಿದ್ದಳು. "ಸೊಪ್ಪಣ್ಣಾ, ನಿಮ್ಮ ಪಾಲಕ್ ನೋಡೋಕೆ ಮದುಮಗಳು, ಬೆಳಗಾದ್ರೆ ಮುದುಕಿ!" ಎಂದು ಅವಳು ನಕ್ಕಾಗ ಅವನೂ ನಕ್ಕು, ಅವಳ ಗಾಡಿ ತಿರುವು ದಾಟಿದ ಮೇಲೆ ನೆಲವನ್ನು ಬೈಯುತ್ತಿದ್ದ.

"ನಂಗೊಂದು ಮಡಿ ಕೊಡು," ಎಂದು ಅಕ್ಕ ಕೇಳಿದಾಗ ಅವನು ಪಂಪಿನ ಪಕ್ಕದ, ಹುಲ್ಲೂ ಬೆಳೆಯದ ಇಪ್ಪತ್ತೆಂಟನೆಯದನ್ನು ತೋರಿಸಿದ. ಅವಳು ಬೇಡವೆಂದು ಹೇಳಿ ಸುಮ್ಮನಾಗುತ್ತಾಳೆ ಎಂಬುದು ಅವನ ಲೆಕ್ಕ. ಅಕ್ಕ ಆ ಮಧ್ಯಾಹ್ನವೇ ಗುದ್ದಲಿ ಎತ್ತಿಕೊಂಡಳು.

ಮೊದಲು ಗುಂಡಿ ಬಂತು. ಗುಂಡಿಗೆ ಒಣ ಎಲೆ, ಸಿಪ್ಪೆ, ಹಾಲಿನವನ ಕೊಟ್ಟಿಗೆಯ ಸಗಣಿ. "ಹಸಿ ಸಗಣೀನ ಸೊಪ್ಪಿಗೆ ಹಾಕಬಾರದು. ಪೂರ್ತಿ ಕಳಿತು, ವಾಸನೆ ಹೋಗಿ, ಟೀ ಪುಡಿ ಹಾಗೆ ಉದುರಬೇಕು," ಎಂದು ಅವಳು ಹೇಳಿದಾಗ, "ವಾಸನೆ ಹೋಗೋದು ಯಾವಾಗ ಅಂತ ಮೊದಲು ಹೇಳು," ಎಂದ ಸೊಪ್ಪಣ್ಣ. ಎರಡು ತಿಂಗಳ ನಂತರ ವಾಸನೆ ನಿಜಕ್ಕೂ ಹೋಯಿತು. ಆದರೆ ಆ ಹೊತ್ತಿಗೆ ಅವಳು ಹೊಸ ಗುಂಡಿ ಶುರು ಮಾಡಿದ್ದಳು.

ಗೊಬ್ಬರ ಬೆರೆಸಿದ ಮೇಲೆ ಅಕ್ಕ ಟ್ರಂಕಿನಿಂದ ಒಂದು ಪೊಟ್ಟಣ ತೆಗೆದಳು. ಒಳಗೆ ಬೂದು ಬಣ್ಣದ ಪುಡಿ, ಮರಳಿನಂಥದು.

"ಇದೇನು?"

"ಬೂಷ್ಟು."

"ಏನು?"

"ಒಂಥರಾ ಬೂಷ್ಟು ಕಣೋ. ಶಿಲೀಂಧ್ರ. ಬೀಜದ ಕೆಳಗೆ ಚಿಟಿಕೆ ಹಾಕಿದ್ರೆ ಬೇರಿನ ಒಳಕ್ಕೆ ಹೋಗಿ ಸಂಸಾರ ಹೂಡುತ್ತೆ. ಅಲ್ಲಿಂದ ಕೂದಲಿಗಿಂತ ಸಣ್ಣ ಎಳೆ ಬಿಟ್ಟು, ಬೇರಿಗೆ ಎಟುಕದ ಕಡೆಯಿಂದೆಲ್ಲ ನೀರು, ಸಾರ ತಂದು ಗಿಡಕ್ಕೆ ಕೊಡುತ್ತೆ. ಗಿಡ ಅದಕ್ಕೆ ಪ್ರತಿಯಾಗಿ ತಾನು ಮಾಡಿದ ಸಕ್ಕರೇಲಿ ಒಂದು ಪಾಲು ಕೊಡುತ್ತೆ."

ಸೊಪ್ಪಣ್ಣ ಆಕಾಶ ನೋಡಿದ. "ಬೂಷ್ಟನ್ನ ಓಡಿಸೋಕೆ ಅಂತ ನಾನು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಸಾಯ್ತಿದೀನಿ. ನೀನು ಅದನ್ನ ಕರೆದು, ಕೂರಿಸಿ, ಸಕ್ಕರೆ ತಿನ್ನಿಸ್ತೀನಿ ಅಂತೀಯಾ?"

"ಕೆಡಿಸೋ ಬೂಷ್ಟು ಬೇರೆ, ಇದು ಬೇರೆ. ಮನುಷ್ಯರಲ್ಲಿ ಎಲ್ಲರೂ ಒಂದೇನಾ?"

"ಅಲ್ಲ," ಎಂದ ಅವನು ಅವಳನ್ನೇ ನೋಡುತ್ತ. "ಕೆಲವರು ತಲೆ ತಿನ್ನೋರು."

ಅಕ್ಕನ ಮೆಂತ್ಯ ಮೊಳೆಯಿತು, ಆದರೆ ಏಳಲಿಲ್ಲ. ಪಕ್ಕದ ಮಡಿಯ ಮೆಂತ್ಯ ಗೇಣುದ್ದವಾದಾಗ ಇವಳದು ಎರಡು ಬೆರಳು. ಬಣ್ಣವೂ ಮಂಕು. ಒಂದು ಮೂಲೆಯಲ್ಲಿ ಏಳೆಂಟು ಸಸಿ ಬುಡ ಕೊಳೆತು ಒರಗಿಕೊಂಡವು. ಅಕ್ಕ ಕನ್ನಡಕ ಬದಲಿಸಲು ಕಣ್ಣಿನ ಡಾಕ್ಟರ ಹತ್ತಿರ ಹೋದ ದಿನ ಸೊಪ್ಪಣ್ಣ ಆ ಮಡಿಯ ಮುಂದೆ ಬಹಳ ಹೊತ್ತು ನಿಂತ. ನಿಜ ಹೇಳಬೇಕೆಂದರೆ ಅವನಿಗೆ ಅಂದು ಸಿಟ್ಟಿಗಿಂತ ಕನಿಕರವೇ ಹೆಚ್ಚಿತ್ತು. ಅರವತ್ತರ ಹೆಂಗಸು, ಬೆನ್ನು ನೋವು ಕಟ್ಟಿಕೊಂಡು ಇಷ್ಟು ಮಾಡಿದ್ದಾಳೆ, ಬಂದು ನೋಡಿದಾಗ ಸ್ವಲ್ಪ ಹಸಿರಾದರೂ ಕಾಣಲಿ ಎಂದುಕೊಂಡ. ಎರಡು ಬೊಗಸೆ ಯೂರಿಯಾ ಎರಚಿದ. ಬುಡ ಕೊಳೆಯುವುದಕ್ಕೆಂದು ಬೂಷ್ಟಿನ ಔಷಧಿಯನ್ನು ಕಲಸಿ ಇಡೀ ಮಡಿ ನೆನೆಯುವಂತೆ ಹೊಯ್ದ.

ಅಕ್ಕ ಹೊಸ ಕನ್ನಡಕ ಹಾಕಿಕೊಂಡು ಗೇಟು ದಾಟಿದವಳು ಮಡಿಯವರೆಗೂ ಬರಬೇಕಾಗಲಿಲ್ಲ. ಅರ್ಧ ದಾರಿಯಲ್ಲೇ ಮೂಗು ಮುಚ್ಚಿ ನಿಂತಳು.

"ಯಾರು ಹೊಯ್ದದ್ದು?"

"ನಾನೇ. ಸಸಿ ಸಾಯ್ತಿತ್ತು, ನೋಡಕ್ಕಾಗಲಿಲ್ಲ."

"ಏಳು ಸಸಿ ಸಾಯ್ತಿತ್ತು. ಒತ್ತಾಗಿತ್ತು, ಗಾಳಿ ಆಡ್ತಿರಲಿಲ್ಲ. ಬಿಡಿಸಿದ್ರೆ ಸರಿ ಹೋಗ್ತಿತ್ತು," ಎಂದಳು. ದನಿ ಏರಿಸಲಿಲ್ಲ. "ಎರಡೂವರೆ ತಿಂಗಳಿಂದ ನಾನು ಯಾವುದನ್ನ ಬದುಕಿಸೋಕೆ ಒದ್ದಾಡ್ತಿದ್ದೆನೋ ಅದನ್ನ ಕೊಲ್ಲೋಕೇ ಇರೋ ಔಷಧಿ ಅದು. ಡಬ್ಬದ ಮೇಲೆ ಬರೆದಿದೆ. ಓದೋಕೆ ಬರುತ್ತಲ್ಲ ನಿಂಗೆ?"

ಹತ್ತು ದಿನ ಕಾದು ಅವಳು ನಾಲ್ಕು ಗಿಡ ಕಿತ್ತು, ಬೇರು ತೊಳೆದು, ಸೋಡಾ ಹಾಕಿದ ನೀರಲ್ಲಿ ಬೇಯಿಸಿ, ಬರೆಯುವ ಮಸಿ ಮತ್ತು ವಿನೆಗರ್ ಬೆರೆಸಿ ಬಣ್ಣ ಹಾಕಿದಳು. ಬೇಯಿಸಿದ್ದು ಹೆಂಡತಿಯ ಹಾಲಿನ ಪಾತ್ರೆಯಲ್ಲಿ. ಹೆಂಡತಿ ನೀಲಿಯಾದ ಪಾತ್ರೆಯನ್ನು ಅಂಗಳಕ್ಕೆ ತಂದು ಇಬ್ಬರ ಮಧ್ಯೆ ಇಟ್ಟಳು. "ಅಕ್ಕ ತಮ್ಮ ಇಬ್ಬರೂ ಸೇರಿ ಇದರಲ್ಲೇ ಕಾಫಿ ಮಾಡ್ಕೊಂಡು ಕುಡೀರಿ. ನಂಗೆ ಸಾಕಾಯ್ತು. ಅತ್ತಿಗೆ, ನಿಮಗೆ ಹೇಳ್ತಿದೀನಿ. ರೀ, ನಿಮಗೂ ಸೇರಿಸಿ ಹೇಳ್ತಿದೀನಿ."

"ಬಂದು ನೋಡು," ಎಂದಳು ಅಕ್ಕ ತಮ್ಮನಿಗೆ, ಸೂಕ್ಷ್ಮದರ್ಶಕ ಬಿಸಿಲಿಗೆ ತಿರುಗಿಸಿ.

ಅವನು ಒಂದು ಕಣ್ಣು ಮುಚ್ಚಿ ನೋಡಿದ. ಗಾಜಿನ ಕೊಳವೆಯಂಥ ಬೇರು. ಒಳಗೆ ಏನೂ ಇಲ್ಲ.

"ಖಾಲಿ ಇದೆ. ಕ್ಲೀನಾಗಿದೆಯಲ್ಲ, ಒಳ್ಳೇದೇ ಆಯ್ತು."

"ಖಾಲಿ ಮನೆ ಕ್ಲೀನಾಗೇ ಇರುತ್ತೆ," ಎಂದು ಅಕ್ಕ ಸೂಕ್ಷ್ಮದರ್ಶಕಕ್ಕೆ ಬಟ್ಟೆ ಮುಚ್ಚಿ ಒಳಗೆ ಹೋದಳು. ಎಂಟು ದಿನ ಅವನ ಜೊತೆ ಮಾತಾಡಲಿಲ್ಲ. ಇಷ್ಟು ದಿನ ಅವಳ ಮಾತು ಸಾಕಪ್ಪಾ ಎನ್ನುತ್ತಿದ್ದವನಿಗೆ ಆ ಎಂಟು ದಿನ ಇನ್ನೂ ಕಷ್ಟವಾಯಿತು. ಅವಳು ಎಲ್ಲವನ್ನೂ ಹೆಂಡತಿಯ ಮೂಲಕ ಹೇಳಿಸುತ್ತಿದ್ದಳು. "ನಿನ್ನ ಗಂಡನ್ನ ಕೇಳು, ಗುದ್ದಲಿ ಎಲ್ಲಿಟ್ಟಿದಾನೆ ಅಂತ." ಗಂಡ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದ.

ಒಂಬತ್ತನೆಯ ದಿನ ಅವಳು ಮತ್ತೆ ಅದೇ ಮಡಿಯ ಮೇಲಿನ ಮಣ್ಣು ತೆಗೆದು, ಹೊಸ ಗೊಬ್ಬರ ತುಂಬಿ, ಮತ್ತೆ ಪುಡಿ ಹಾಕಿ, ಈ ಸಲ ಮೆಂತ್ಯದ ಜೊತೆ ಸಬ್ಬಸಿಗೆಯನ್ನೂ ಬಿತ್ತಿದಳು. ನಾಲ್ಕೂ ಮೂಲೆಗೆ ಕೋಲು ನೆಟ್ಟು ಹಗ್ಗ ಕಟ್ಟಿದಳು. "ಇದು ನಿನ್ನ ಗಂಡ ಒಳಗೆ ಕಾಲಿಡದಿರೋಕೆ," ಎಂದು ಹಗ್ಗ ತೋರಿಸಿ ಹೆಂಡತಿಗೆ ಹೇಳಿದಳು.

ಸೊಪ್ಪಣ್ಣನಿಗೆ ಒಂದು ಉಪಾಯ ಹೊಳೆಯಿತು. ಟ್ರಂಕಿನ ಪೊಟ್ಟಣದಿಂದ ಒಂದು ಲೋಟ ಪುಡಿ ಕದ್ದು, ಯಾರಿಗೂ ಹೇಳದೆ, ಎರಡು ಪಾಲಕ್ ಮಡಿಗೆ ಹಾಕಿದ. ಆ ಎರಡಕ್ಕೆ ಯೂರಿಯಾ ನಿಲ್ಲಿಸಿದ. ಇಪ್ಪತ್ತೈದು ದಿನ ಕಾದ. ಬೂಷ್ಟು ನಿಜವೋ ಸುಳ್ಳೋ ನೋಡಿಯೇ ಬಿಡೋಣ. ಇಪ್ಪತ್ತೈದು ದಿನದ ಮೇಲೆ ಆ ಪಾಲಕ್ ನೋಡಿದರೆ ಯಾರಿಗಾದರೂ ಅಳು ಬರುವಂತಿತ್ತು. ಅವನು ಎರಡು ಗಿಡ ಕಿತ್ತುಕೊಂಡು ಗೆದ್ದ ಹುಮ್ಮಸ್ಸಿನಲ್ಲಿ ಅಕ್ಕನ ಮುಂದೆ ಹಿಡಿದ.

"ತಗೋ. ನಿನ್ನ ಸಂಸಾರ ಹೂಡೋ ಬೂಷ್ಟು. ಏನ್ ಮಾಡ್ತು?"

ಅಕ್ಕ ಗಿಡ ನೋಡಿದಳು, ತಮ್ಮನ ಮುಖ ನೋಡಿದಳು, ನಗಲು ಶುರು ಮಾಡಿದಳು. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. "ಪಾಲಕ್‌ಗೆ ಹಾಕಿದ್ಯೇನೋ? ಪಾಲಕ್, ದಂಟು, ಸಾಸಿವೆ, ಕೋಸು, ಇವಕ್ಕೆ ಈ ಬೂಷ್ಟಿನ ಜೊತೆ ನಂಟೇ ಇಲ್ಲ. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಈರುಳ್ಳಿ, ಇವು ಸೇರಿಸಿಕೊಳ್ತವೆ. ಪಾಲಕ್‌ಗೆ ಬರೀ ಗೊಬ್ಬರ ಹಾಕಬೇಕು, ಅಷ್ಟೇ."

"ಇದನ್ನ ಮೊದಲೇ ಹೇಳಬಾರದಾಗಿತ್ತಾ?"

"ಕದಿಯೋ ಮುಂಚೆ ಕೇಳಿದ್ಯಾ?"

ಅವನು ಪಾಲಕ್ ಗಿಡಗಳನ್ನು ಅಲ್ಲೇ ಎಸೆದು ಹೊರಟುಹೋದ. ಆದರೂ ಒಂದು ಲಾಭವಾಯಿತು. ಅಕ್ಕ ಮಾತಾಡಿದ್ದಳು.

ಬೇಸಿಗೆ ಏರಿತು. ಒಂದು ಸೋಮವಾರ ಪಂಪು ಒಮ್ಮೆ ಗುಟುರು ಹಾಕಿ ಸುಟ್ಟ ವಾಸನೆ ಬಿಟ್ಟು ನಿಂತುಹೋಯಿತು. ಮೆಕ್ಯಾನಿಕ್ ಬಂದು ಮೋಟಾರು ಬಿಚ್ಚಿ, "ನಾಳೆ ಕೊಡ್ತೀನಿ," ಎಂದು ಹೊತ್ತುಕೊಂಡು ಹೋದ. ಮೆಕ್ಯಾನಿಕ್ಕುಗಳ ನಾಳೆಗೆ ತಾರೀಖು ಇರುವುದಿಲ್ಲ. ಮಂಗಳವಾರ ಬಿಸಿಲಿಗೆ ಮಡಿಗಳ ಸೊಪ್ಪು ಬಾಡಿ ತಲೆ ಬಾಗಿಸಿತು. ಗೋಡೆಯ ನೆರಳಿನಲ್ಲಿದ್ದ ಕೊತ್ತಂಬರಿ ಮಾತ್ರ ಇನ್ನೂ ನಿಂತಿತ್ತು, ಅದಕ್ಕೆ ಎಲೆಯ ರಸ ಹೀರುವ ಹೇನು ಹತ್ತಿತ್ತು. ಇದೂ ಹೋದರೆ ಮಾರಲು ಏನೂ ಇಲ್ಲ ಎಂದು ಅವನು ಸಂಜೆ ನಾಲ್ಕು ಗಂಟೆಗೆ ತೊಟ್ಟಿಯಲ್ಲಿ ಉಳಿದಿದ್ದ ನೀರನ್ನು ಬೆನ್ನಿನ ಡಬ್ಬಕ್ಕೆ ತುಂಬಿ, ಔಷಧಿ ಕಲಸಿ ಹೊಡೆದ.

ಬುಧವಾರ ಬೆಳಿಗ್ಗೆ ಅಡುಗೆಯಮ್ಮನ ಮೂರು ಚಕ್ರದ ಗಾಡಿ ಬಂತು. ಅವಳು ಇಳಿದವಳೇ ಸೊಂಟದ ಮೇಲೆ ಕೈಯಿಟ್ಟಳು. "ಏನು ಸೊಪ್ಪಣ್ಣಾ, ತೋಟಾನೇ ಮಲಗಿಬಿಟ್ಟಿದೆ! ಇನ್ನೂರ ನಲವತ್ತು ಮಕ್ಕಳಿಗೆ ನಾನೇನು ಹಾಕ್ಲಿ?"

"ಮೋಟಾರು ಸುಟ್ಟಿದೆ. ಕೊತ್ತಂಬರಿ ಇದೆ, ಕೊಯ್ದು ಕೊಡ್ತೀನಿ."

"ಕೊತ್ತಂಬರಿ ಒಂದು ಹಿಡಿ ಸಾಕು, ಕೊನೇಲಿ ಹಸಿಯಾಗೇ ಹೆಚ್ಚಿ ಉದುರಿಸೋಕೆ. ಬೇಯಿಸೋಕೆ ಸೊಪ್ಪು ಬೇಕು." ಅವಳು ಸುತ್ತ ಕಣ್ಣಾಡಿಸಿದಳು. ಪಂಪಿನ ಪಕ್ಕದ ಹಗ್ಗ ಕಟ್ಟಿದ ಮಡಿಯಲ್ಲಿ ಮೆಂತ್ಯ, ಸಬ್ಬಸಿಗೆ ಎದ್ದು ನಿಂತಿದ್ದವು. ಮೂರು ದಿನದಿಂದ ಅಕ್ಕ ಅದಕ್ಕೆ ಹಾಕಿದ್ದು ದಿನಕ್ಕೊಂದು ಕೊಡ ನೀರು. ಬಾಗಿಲ ಪಕ್ಕದ ಬೇಲಿಯೊಳಗೆ ಪಾತ್ರೆ ತೊಳೆದ ನೀರು ಕುಡಿದ ಸೊಪ್ಪೂ ಹಸಿರಾಗಿತ್ತು. "ಅದನ್ನ ಕೊಯ್ದು ಕೊಡಿ. ಆ ಬಾಗಿಲ ಪಕ್ಕದ್ದು."

"ಅದು ಮನೇದು."

"ಒಂದಿನ ಮನೇಲಿ ಕೊತ್ತಂಬರೀಲಿ ಏನಾದ್ರೂ ಮಾಡ್ಕೊಳ್ಳಿ. ಅದನ್ನ ಮಕ್ಕಳಿಗೆ ಕೊಡಿ."

"ಅದಾಗಲ್ಲ."

"ಯಾಕಾಗಲ್ಲ?"

ಸೊಪ್ಪಣ್ಣ ಕುಡುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಹೊಸಿಲ ಮೇಲೆ ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಅಕ್ಕನ ಕಡೆ ನೋಡಿದ. ಕರೆಯದಿದ್ದರೂ ಎಲ್ಲ ಮಾತಿನೊಳಗೂ ಮೂಗು ತೂರಿಸುವ ಅಕ್ಕ ಅಂದು ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಬೇಡದ ಕಡೆಯೆಲ್ಲ ಮಾತಾಡುತ್ತಾಳೆ, ಬೇಕಾದಾಗ ಮೂಗಿ ಎಂದು ಅವನ ರಕ್ತ ಕುದಿಯಿತು.

"ನಿನ್ನೆ ಸಂಜೆ ಔಷಧಿ ಹೊಡೆದಿದೀನಿ ಕೊತ್ತಂಬರಿಗೆ," ಎಂದ, ಅಡುಗೆಯಮ್ಮನ ಮೇಲೆಯೇ ರೇಗಿದ ಹಾಗೆ. "ಅದಕ್ಕೆ ಮನೇಲಿ ಬೇಡ. ಆಯ್ತಾ?"

ಅಡುಗೆಯಮ್ಮ ಅವನ ಕೈಯಲ್ಲಿದ್ದ ಕುಡುಗೋಲು ನೋಡಿದಳು. "ಮತ್ತೆ ಈಗ ನಂಗೆ ಕೊಯ್ಯೋಕೆ ಹೊರಟಿದ್ರಿ."

ಅವನು ಕುಡುಗೋಲನ್ನು ಬೆನ್ನ ಹಿಂದೆ ಸರಿಸಿದ.

"ಆ ಬೇಲಿ ಒಳಗಿನದಕ್ಕೆ ಹೊಡೆಯಲ್ವಾ?"

"ಇಲ್ಲ."

"ಎಷ್ಟು ದಿನದಿಂದ?"

"ಎಂಟು ವರ್ಷ."

ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ದೊಡ್ಡ ಮೈಯ ಹೆಂಗಸು, ಯಾವಾಗಲೂ ಓಡಾಡುತ್ತಲೇ ಇರುವವಳು. ಅವಳು ಕೂತದ್ದನ್ನು ಅವನು ನೋಡಿದ್ದು ಅದೇ ಮೊದಲು. "ನಾನು ನಿಮ್ಮ ಹತ್ರ ಬರೋಕೆ ಶುರು ಮಾಡಿ ಆರು ವರ್ಷ ಆಯ್ತು," ಎಂದಳು.

"ಎಲ್ಲರೂ ಹೀಗೇ ಮಾಡೋದಮ್ಮಾ!" ಸೊಪ್ಪಣ್ಣನ ತಾಳ್ಮೆ ಹರಿಯಿತು. "ಯಾವ ತೋಟಕ್ಕೆ ಬೇಕಾದ್ರೂ ಹೋಗಿ ನೋಡಿ. ಎಲೇಲಿ ಒಂದು ತೂತಿದ್ರೆ ಕಟ್ಟು ವಾಪಸ್ ಎಸೆಯೋರು ಯಾರು? ನೀವೇ! ಹಸಿರು ಸಾಲದು, ಎತ್ತರ ಸಾಲದು, ಅಂತ ಮುಖ ಸಿಂಡರಿಸೋರು ಯಾರು? ಪೇಟೆಯವರೂ ಅದನ್ನೇ ಅಂತಾರೆ. ಹುಳಾನೂ ಬರಬಾರದು, ಔಷಧಿನೂ ಹೊಡೀಬಾರದು ಅಂದ್ರೆ ನಾನೇನು ಮಂತ್ರ ಹಾಕ್ಲಾ?"

"ಎಸ್ದಿದೀನಿ," ಎಂದು ಅವಳು ಒಪ್ಪಿಕೊಂಡಳು. "ತೂತಿರೋ ಕಟ್ಟು ನಾನೇ ಎಸ್ದಿದೀನಿ. ಆದ್ರೆ ನಂಗೆ ಗೊತ್ತಿರಲಿಲ್ಲ, ಸೊಪ್ಪಣ್ಣಾ. ನಿಮಗೆ ಗೊತ್ತಿತ್ತು."

ಗೋಡೆಯ ಆಚೆ ಬಸ್ಸೊಂದು ಹಿಂದಕ್ಕೆ ಸರಿಯುತ್ತ ಕುಯ್‌ಗುಟ್ಟಿತು.

"ದಿನಾ ಉಪ್ಪು ನೋಡೋಳು ನಾನು," ಎಂದಳು ಅಡುಗೆಯಮ್ಮ ತನ್ನಷ್ಟಕ್ಕೆ. "ಮೊದಲ ತುತ್ತು ನಂದು, ಆಮೇಲೆ ಮಕ್ಕಳದು. ಏನಾದ್ರೂ ಕೆಟ್ಟಿದ್ರೆ ನಾಲಿಗೆಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ."

ಸೊಪ್ಪಣ್ಣ ಕುಡುಗೋಲು ಹಿಡಿದು ಬಾಗಿಲ ಪಕ್ಕದ ಬೇಲಿಯೊಳಗೆ ಹೋದ. ಕೂತು ಕೊಯ್ಯತೊಡಗಿದ. ಹೆಂಡತಿ ಅಕ್ಕಿಯ ಮೊರ ಕೆಳಗಿಟ್ಟು ಬಂದು, ಕೊಯ್ದದ್ದನ್ನು ಕಂತೆ ಕಟ್ಟಿದಳು. ಅತ್ತ ಅಕ್ಕ ಹೇಳಿಸಿಕೊಳ್ಳದೆಯೇ ಹಗ್ಗ ದಾಟಿ ತನ್ನ ಮೆಂತ್ಯದ ಬುಡ ಹಿಡಿದು, ಬೇರು ಮಣ್ಣಲ್ಲೇ ಉಳಿಯುವಂತೆ ಕತ್ತರಿಸುತ್ತಿದ್ದಳು. ಎರಡೂ ಮಡಿ ಬೋಳಾದರೂ ಬುಟ್ಟಿ ಅರ್ಧ ತುಂಬಲಿಲ್ಲ.

"ಶುಕ್ರವಾರ ಏನು ಕೊಡ್ತೀರಿ?" ಗಾಡಿ ಹತ್ತುತ್ತ ಅಡುಗೆಯಮ್ಮ ಕೇಳಿದಳು.

"ಶುಕ್ರವಾರ ಏನೂ ಇರಲ್ಲ."

"ಹಾಗೇ ಹೇಳಿ. ಇಲ್ಲ ಅಂದ್ರೆ ಇಲ್ಲ ಅನ್ನಿ," ಎಂದು ಅವಳು ಹೊರಟಳು. ನಗಲಿಲ್ಲ, ಬೈಯಲೂ ಇಲ್ಲ.

ಗಾಡಿ ಹೋದ ಮೇಲೆ ಸೊಪ್ಪಣ್ಣ ಗೋಡೆಯ ನೆರಳಿನ ಕೊತ್ತಂಬರಿಯನ್ನು ಬುಡಸಮೇತ ಕೀಳತೊಡಗಿದ. ಎರಡು ತೋಳಲ್ಲೂ ತುಂಬಿಕೊಂಡು ಅಕ್ಕನ ಗೊಬ್ಬರದ ಗುಂಡಿಗೆ ಹಾಕಲು ಹೋದ. ಅಷ್ಟಾದರೂ ಉಪಯೋಗಕ್ಕೆ ಬರಲಿ ಎಂದು.

"ಏ! ಅಲ್ಲಿ ಹಾಕಬೇಡ!" ಅಕ್ಕ ಕೂಗಿಕೊಂಡು ಓಡಿ ಬಂದಳು. "ನಿನ್ನೆ ಹೊಡೆದದ್ದು ಅದು. ಬೇರೆ ಕಡೆ ಹರಡು, ಬಿಸಿಲಿಗೆ ಬಿಡು."

"ಕಸ ಕಣೇ ಇದು! ಕಸಕ್ಕೂ ಬೇಡ್ವಾ?"

"ಗುಂಡೀಲಿ ಎರೆಹುಳ ಇದಾವೋ. ಅವಕ್ಕೆ ಆಗಲ್ಲ."

ಸೊಪ್ಪಣ್ಣ ತೋಳು ತುಂಬ ಕೊತ್ತಂಬರಿ ಹಿಡಿದುಕೊಂಡು ಗುಂಡಿಯ ಅಂಚಿನಲ್ಲಿ ನಿಂತ. ಆಮೇಲೆ ಅದನ್ನು ತೋಟದ ಇನ್ನೊಂದು ಕೊನೆಯ ಬಿಸಿಲು ಮೂಲೆಗೆ ಒಯ್ದು ಹರಡಿ, ತೊಟ್ಟಿಗೆ ಬಂದು, ತಳದಲ್ಲಿ ಉಳಿದಿದ್ದ ನೀರಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ಮೂರು ಸಲ ತೊಳೆದುಕೊಂಡ.

ಅಂದಿನಿಂದ ಅವನು ಬೇರೆ ಮನುಷ್ಯನಾಗಿಬಿಟ್ಟ ಎಂದು ಯಾರೂ ತಿಳಿಯಬಾರದು. ಅವನು ಮೊದಲಿಗಿಂತ ಹೆಚ್ಚು ಗೊಣಗಿದ. ಮೋಟಾರು ವಾಪಸ್ ಬಂದ ಮೇಲೆ ಮೊದಲು ಆರು ಮಡಿಗೆ ಯೂರಿಯಾ, ಔಷಧಿ ಎರಡನ್ನೂ ನಿಲ್ಲಿಸಿದ, ಅವು ಹಳದಿ ತಿರುಗಿದಾಗ ಅಕ್ಕನನ್ನು ಬೈದ. "ಇಪ್ಪತ್ತು ವರ್ಷ ಕೆಡಿಸಿದ್ದನ್ನ ಇಪ್ಪತ್ತು ದಿನದಲ್ಲಿ ಸರಿ ಮಾಡು ಅಂದ್ರೆ ಮಣ್ಣಿಗೇನು ಹುಚ್ಚಾ?" ಎಂದು ಅವಳು ತಿರುಗಿ ಬೈದಳು. ಮೊದಲ ಬೆಳೆ ಅರ್ಧಕ್ಕೆ ಬಂತು. ಪೇಟೆಯ ಅಂಗಡಿಯವನು ತೂತುಬಿದ್ದ ಎಲೆ ನೋಡಿ, "ಇದನ್ನ ಮೇಕೆಗೆ ಹಾಕು," ಎಂದು ಬುಟ್ಟಿ ತಳ್ಳಿದ. ಪಕ್ಕದ ತೋಟದವನು ಬೇಲಿಯ ಮೇಲಿಂದ ಬಗ್ಗಿ, "ಬೂಷ್ಟು ಸಾಕ್ತಿದೀಯಂತೆ? ಮರಿ ಹಾಕಿದ್ರೆ ನಂಗೊಂದು ಕೊಡು," ಎಂದು ಹಲ್ಲು ಕಿರಿದ. ಬೇವಿನೆಣ್ಣೆ ಕಲಸಿ ಹೊಡೆದರೆ ಎರಡು ದಿನ ಹೋಗಿದ್ದ ಹೇನು ಮೂರನೆಯ ದಿನ ನೆಂಟರನ್ನು ಕರೆದುಕೊಂಡು ಬರುತ್ತಿತ್ತು. ಒಂದು ದಿನವಂತೂ ಅವನು ಔಷಧಿ ಡಬ್ಬ ಬೆನ್ನಿಗೆ ಕಟ್ಟಿಕೊಂಡು ಮಡಿಯವರೆಗೆ ಹೋಗಿದ್ದ. ಹೋದವನು ಅಲ್ಲೇ ನಿಂತು ತನ್ನನ್ನೂ, ಹೇನನ್ನೂ, ಅಕ್ಕನನ್ನೂ ಬಾಯಿಗೆ ಬಂದಂತೆ ಬೈದು, ವಾಪಸ್ ಬಂದು ಡಬ್ಬ ಬಿಚ್ಚಿದ.

ಅಡುಗೆಯಮ್ಮ ಒಂದು ತಿಂಗಳು ಬರಲಿಲ್ಲ. ತಿಂಗಳು ಕಳೆದ ಮೇಲೆ ಒಂದು ದಿನ ಗಾಡಿಯಲ್ಲಿ ಎರಡು ಡ್ರಮ್ ಸಿಪ್ಪೆ ತುಂಬಿಕೊಂಡು ಬಂದಳು. "ಅಕ್ಕಾವ್ರೇ, ನಮ್ಮ ಅಡುಗೆಮನೇದು ತಗೊಳ್ಳಿ, ಗುಂಡಿಗೆ," ಎಂದು ಇಳಿಸಿ, ಸೊಪ್ಪಣ್ಣನ ಕಡೆ ತಿರುಗಿ, "ಯಾವ ಯಾವ ಮಡಿಗೆ ಹೊಡೆಯೋದು ನಿಲ್ಲಿಸಿದೀರಿ, ತೋರಿಸಿ," ಎಂದಳು. ಅವನು ತೋರಿಸಿದ. ಸೋತ ಮುಖ ಮಾಡಿಕೊಂಡು ಉಳಿದದ್ದನ್ನೂ ತೋರಿಸಿದ: "ಇವಕ್ಕೆ ಇನ್ನೂ ಔಷಧಿ ಹೊಡೀತಿದೀನಿ. ಇವನ್ನ ಮುಟ್ಟಬೇಡಿ." ಅವಳು ತೂತಿದ್ದ ಮೆಂತ್ಯವನ್ನು ಎತ್ತಿ ಬೆಳಕಿಗೆ ಹಿಡಿದು, ಒಂದು ಕ್ಷಣ ತಡೆದು, ಬುಟ್ಟಿಗೆ ಹಾಕಿಕೊಂಡಳು.

ಆರು ಮಡಿ ಹನ್ನೆರಡಾದವು, ಹನ್ನೆರಡು ಇಪ್ಪತ್ತಾದವು. ನೀರು ಬಿಟ್ಟರೆ ನಿಲ್ಲುತ್ತಿದ್ದ ಕಡೆ ಇಳಿಯತೊಡಗಿತು. ಸೊಪ್ಪು ಮೊದಲಿನಷ್ಟು ಎತ್ತರ ಬರಲಿಲ್ಲ, ಆದರೆ ಎರಡು ದಿನ ಬುಟ್ಟಿಯಲ್ಲಿ ಉಳಿಯಿತು. ಮಳೆ ಬಂದು ಹೋಗಿ ಚಳಿ ಶುರುವಾಗುವ ಹೊತ್ತಿಗೆ ಇಪ್ಪತ್ತೆಂಟು ಮಡಿಯಲ್ಲೂ ಔಷಧಿಯ ವಾಸನೆ ಇರಲಿಲ್ಲ. ಹಾಗೆಂದು ಸೊಪ್ಪಣ್ಣನ ಮುಖದ ಗಂಟು ಸಡಿಲವಾಯಿತೆಂದಲ್ಲ. ಶಾಲೆಯ ಸಿಪ್ಪೆಯ ಡ್ರಮ್ಮಿನಲ್ಲಿ ಚಮಚ, ರಬ್ಬರು, ಒಂದು ಸಲ ಯಾವುದೋ ಮಗುವಿನ ಟೈ ಸಿಕ್ಕಿ, ಅದೊಂದು ಹೊಸ ತಲೆನೋವಾಗಿತ್ತು.

ಆ ಬೆಳಿಗ್ಗೆಯೂ ಅವನು ಅಂಗಿಯ ತೋಳು ಮಡಚಿ ಡ್ರಮ್ಮಿನೊಳಗೆ ಕೈ ಹಾಕಿ ಐದನೆಯ ಚಮಚ ಹುಡುಕುತ್ತಿದ್ದ. ಹೆಂಡತಿ ಬುಟ್ಟಿ, ಚಾಕು ಹಿಡಿದು ಹೊರಗೆ ಬಂದಳು. ಬಾಗಿಲ ಪಕ್ಕದ ಮಡಿಯನ್ನು ಹಿಂದಿನ ವಾರವಷ್ಟೇ ಹೊಸದಾಗಿ ಬಿತ್ತಿದ್ದರು, ಅಲ್ಲಿ ಮೊಳಕೆ ಬಿಟ್ಟರೆ ಏನೂ ಇರಲಿಲ್ಲ. ಅವಳು ಅಂಗಳದ ಮಧ್ಯೆ ನಿಂತು ಕೇಳಿದಳು:

"ರೀ, ಮಧ್ಯಾಹ್ನದ ಅಡುಗೆಗೆ ಸೊಪ್ಪು ಯಾವ ಮಡೀಲಿ ಕೊಯ್ಯಲಿ?"

"ಯಾವುದರಲ್ಲಾದ್ರೂ ಕೊಯ್ಯೇ!" ಸೊಪ್ಪಣ್ಣ ಡ್ರಮ್ಮಿನಿಂದ ತಲೆ ಎತ್ತದೆ ಕಿರುಚಿದ. "ಅದಕ್ಕೂ ನನ್ನ ಕೇಳಬೇಕಾ?"

ಕಿರುಚಿದ ಮೇಲೆ ಅವನ ಕೈ ಸಿಪ್ಪೆಯೊಳಗೆ ಹಾಗೆಯೇ ನಿಂತಿತು. ಗುಂಡಿಯ ಹತ್ತಿರ ಅಕ್ಕನೂ ಗುದ್ದಲಿ ಊರಿ ನಿಂತಳು. ಹೆಂಡತಿ ಒಮ್ಮೆ ಇಡೀ ತೋಟದ ಮೇಲೆ ಕಣ್ಣು ಹಾಯಿಸಿ, ಮಡಿಗಳ ನಡುವಿನ ದಾರಿಯಲ್ಲಿ ನಡೆಯುತ್ತ ಹೋಗಿ, ಗೋಡೆಯ ನೆರಳಿನ ಕೊನೆಯ ಮಡಿಯಲ್ಲಿ ಸೀರೆ ಎತ್ತಿ ಕಟ್ಟಿ ಕೂತು, ಕೊತ್ತಂಬರಿಗೆ ಚಾಕು ಹಾಕಿದಳು.